ಲಗತ್ತು ತಡೆಯುವ ಸರ್ವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಇ-ಮೇಲ್ ಜೊತೆಗೆ ಕಳುಹಿಸಿದ ಕಡತವನ್ನು ಸರ್ವರಿನ ವೈರಸ್ ಸ್ಕ್ಯಾನರ್ ತಡೆಹಿಡಿಯಿತೆಂಬ ದೂರು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಒಂದೇ ವಿಷಯದ ಸುತ್ತ ಇರುವ ಪ್ರಶ್ನೆಗಳನ್ನು ಆರಿಸಿ, ಸಂಕ್ಷೇಪಿಸಿ, ಈ ಸಲ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಸಂಸ್ಥೆಯ ಲೆಕ್ಕಪತ್ರಗಳ ಎಕ್ಸೆಲ್ ಕಡತವನ್ನು ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ ಲೆಕ್ಕ ಪರಿಶೋಧಕರಿಗೆ ಕಳುಹಿಸಿದೆ. ಕ್ಷಣಮಾತ್ರದಲ್ಲಿ ಮೇಲ್ ತಿರುಗಿ ಬಂತು. ಅದರಲ್ಲಿ 554 5.7.1 ಎಂಬ ಸಂಖ್ಯೆಗಳೂ ‘ಹ್ಯೂರಿಸ್ಟಿಕ್ಸ್.ಎನ್‌ಕ್ರಿಪ್ಟೆಡ್.ಜಿಪ್’ ಎಂಬ ವೈರಸ್ಸಿನ ಹೆಸರೂ ಇದ್ದವು. ನನ್ನ ಕಂಪ್ಯೂಟರಿನ ಆಂಟಿವೈರಸ್ ಮಾತ್ರ ಕಡತ ಶುದ್ಧವಾಗಿದೆ ಎನ್ನುತ್ತಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಿರಿ. ನಿಮ್ಮ ಕಂಪ್ಯೂಟರಿನಲ್ಲಿ ಆ ಕಡತ ತೆರೆದ ಸ್ಥಿತಿಯಲ್ಲಿದೆ. ಆಂಟಿವೈರಸ್ ಅದನ್ನು ಪೂರ್ತಿ ಓದಿ, ತನಗೆ ತಿಳಿದಿರುವ ಯಾವ ಕುತಂತ್ರಾಂಶದ ಗುರುತೂ ಅದರಲ್ಲಿಲ್ಲವೆಂದು ಹೇಳಿದೆ. ಸರ್ವರಿಗೆ ತಲುಪಿದ್ದು ಪಾಸ್‌ವರ್ಡ್ ಹಾಕಿದ ಜಿಪ್. ಅದನ್ನು ಬಿಚ್ಚಿ ನೋಡುವ ದಾರಿ ಅಲ್ಲಿನ ಸ್ಕ್ಯಾನರಿಗೆ ಇಲ್ಲ. ನೀವು ವೈರಸ್ಸಿನ ಹೆಸರೆಂದು ಭಾವಿಸಿರುವುದು, ಮೇಲ್ ಸರ್ವರುಗಳಲ್ಲಿ ಬಹಳವಾಗಿ ಬಳಕೆಯಾಗುವ ಕ್ಲಾಮ್‌ಎವಿ ಎಂಬ ಮುಕ್ತ ತಂತ್ರಾಂಶವು ‘ಇದು ಎನ್‌ಕ್ರಿಪ್ಟ್ ಆಗಿರುವ ಜಿಪ್, ಒಳಗೆ ಏನಿದೆಯೆಂದು ನೋಡಲಾಗಲಿಲ್ಲ’ ಎಂದು ವರದಿ ಮಾಡುವ ಬಗೆ. ತಾನಾಗಿಯೇ ಅದು ಹೀಗೆ ವರದಿ ಮಾಡುವುದಿಲ್ಲ. ಇಂಥ ಕಡತಗಳು ಬೇಡವೆಂದು ಆ ಸರ್ವರಿನ ನಿರ್ವಾಹಕರು ಬೇಕೆಂದೇ ಆ ಆಯ್ಕೆಯನ್ನು ಚಾಲೂ ಮಾಡಿದ್ದಾರೆ.

ತಿರುಗಿ ಬಂದ ಮೇಲನ್ನು ಹೆಚ್ಚಿನವರು ಓದದೆ ಅಳಿಸಿಬಿಡುತ್ತಾರೆ. ಅದರಲ್ಲಿ ನಮಗೆ ಬೇಕಾದುದೆಲ್ಲ ಇರುತ್ತದೆ. ಮೂರಂಕಿಯ ಸಂಖ್ಯೆ 5ರಿಂದ ಆರಂಭವಾದರೆ ನಿರಾಕರಣೆ ಅಂತಿಮ. ಅದೇ ಮೇಲನ್ನು ಹತ್ತು ಸಲ ಕಳುಹಿಸಿದರೂ ಹತ್ತು ಸಲವೂ ತಿರುಗಿ ಬರುತ್ತದೆ. 4ರಿಂದ ಆರಂಭವಾದರೆ ಅಡ್ಡಿ ತಾತ್ಕಾಲಿಕ. ಕಳುಹಿಸುವ ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ, ನೀವು ಏನೂ ಮಾಡಬೇಕಿಲ್ಲ. ಚುಕ್ಕಿಗಳಿರುವ ಎರಡನೆಯ ಸಂಖ್ಯೆಯಲ್ಲಿ ನಡುವಿನ ಅಂಕಿಯನ್ನು ನೋಡಿರಿ: 7 ಇದ್ದರೆ ಭದ್ರತೆ ಅಥವಾ ನಿಯಮದ ಕಾರಣ, 1 ಇದ್ದರೆ ವಿಳಾಸದ ತೊಂದರೆ, 2 ಇದ್ದರೆ ಸ್ವೀಕರಿಸುವವರ ಅಂಚೆಪೆಟ್ಟಿಗೆಯ ತೊಂದರೆ. ನಿಮ್ಮದು 5.7.1 ಆಗಿರುವುದರಿಂದ ಇದು ನಿಯಮದ ನಿರಾಕರಣೆ.

ಇಷ್ಟು ಕಟ್ಟುನಿಟ್ಟು ಏಕೆಂದು ನೀವು ಕೇಳಬಹುದು. 2004ರ ಆರಂಭದಲ್ಲಿ ಹರಡಿದ ಬೇಗಲ್ ಎಂಬ ವರ್ಮ್ (ತಾನೇ ತಾನಾಗಿ ಹರಡುವ ಕುತಂತ್ರಾಂಶ), ಸ್ಕ್ಯಾನರುಗಳ ಕಣ್ಣು ತಪ್ಪಿಸಲು ತನ್ನನ್ನು ತಾನೇ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿಟ್ಟುಕೊಂಡು, ಆ ಪಾಸ್‌ವರ್ಡನ್ನು ಮೇಲಿನ ಒಕ್ಕಣೆಯಲ್ಲೇ ಬರೆದು ಕಳುಹಿಸುತ್ತಿತ್ತು. ಒಕ್ಕಣೆಯಿಂದ ಪಾಸ್‌ವರ್ಡ್ ಹುಡುಕಿ ಜಿಪ್ ಬಿಚ್ಚುವುದನ್ನು ಸ್ಕ್ಯಾನರುಗಳು ಕಲಿತ ಮೇಲೆ, ಅದರ ಮುಂದಿನ ರೂಪಗಳು ಪಾಸ್‌ವರ್ಡನ್ನು ಚಿತ್ರವಾಗಿ ಅಂಟಿಸತೊಡಗಿದವು. ಮನುಷ್ಯರು ಅದನ್ನು ಓದಬಲ್ಲರು, ಯಂತ್ರಕ್ಕೆ ಅದು ಕಷ್ಟ. 2020ರಲ್ಲಿ ಎಮೋಟೆಟ್ ಎಂಬ ಕುತಂತ್ರಾಂಶ ಕೂಡ ಪಾಸ್‌ವರ್ಡ್ ಹಾಕಿದ ಜಿಪ್‌ನ ಉಪಾಯವನ್ನೇ ಬಳಸಿತು. ನಿಮ್ಮ ಪ್ರಾಮಾಣಿಕ ಲೆಕ್ಕಪತ್ರವೂ ಎಮೋಟೆಟ್‌ನ ಜಿಪ್ಪೂ ಹೊರಗಿನಿಂದ ನೋಡುವ ಸ್ಕ್ಯಾನರಿಗೆ ಒಂದೇ ತರಹ ಕಾಣುತ್ತವೆ.

ಇನ್ನೊಂದು ಸಂಗತಿ ಗಮನದಲ್ಲಿರಲಿ. ಸಾಮಾನ್ಯ ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿದಾಗ ಒಳಗಿನ ಕಡತಗಳ ವಿಷಯ ಮಾತ್ರ ಮರೆಯಾಗುತ್ತದೆ, ಅವುಗಳ ಹೆಸರುಗಳು ಮರೆಯಾಗುವುದಿಲ್ಲ. ಪಾಸ್‌ವರ್ಡ್ ಇಲ್ಲದವರೂ ಆ ಜಿಪ್ ತೆರೆದು ಹೆಸರುಗಳ ಪಟ್ಟಿಯನ್ನು ಓದಬಹುದು. ಆದ್ದರಿಂದ ನಿಮ್ಮ ಎಕ್ಸೆಲ್ ಕಡತ ಮ್ಯಾಕ್ರೋ (ಕಡತದೊಳಗೇ ಇದ್ದು ಓಡುವ ಚಿಕ್ಕ ಪ್ರೋಗ್ರಾಂ) ಇರುವ ‘.ಎಕ್ಸ್‌ಎಲ್‌ಎಸ್‌ಎಂ’ ಬಗೆಯದಾಗಿದ್ದರೆ ಹೆಸರನ್ನು ನೋಡಿಯೇ ತಡೆಯುವ ಸರ್ವರುಗಳೂ ಇವೆ. ಮ್ಯಾಕ್ರೋಗಳ ಬಗೆಗಿನ ಭಯ 1999ರ ಮಾರ್ಚ್‌ನಲ್ಲಿ ವರ್ಡ್ ಕಡತಗಳ ಮೂಲಕ ಹಬ್ಬಿದ ಮೆಲಿಸ್ಸಾ ವೈರಸ್ಸಿನಷ್ಟು ಹಳೆಯದು. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ 2022ರಿಂದ ಆಫೀಸ್ ತಂತ್ರಾಂಶದಲ್ಲಿ ತಡೆಯತೊಡಗಿದೆ. ಮ್ಯಾಕ್ರೋ ಬೇಡವಾಗಿದ್ದರೆ ಕಡತವನ್ನು ಸಾಮಾನ್ಯ ‘.ಎಕ್ಸ್‌ಎಲ್‌ಎಸ್‌ಎಕ್ಸ್’ ಆಗಿ ಉಳಿಸಿಕೊಳ್ಳುವುದು ಮೇಲು.

ಮೇಲ್ ಹೋಗಲೆಂಬ ಒಂದೇ ಕಾರಣಕ್ಕೆ ಪಾಸ್‌ವರ್ಡ್ ತೆಗೆದು ಕಳುಹಿಸಿರೆಂದು ನಾನು ಹೇಳುವುದಿಲ್ಲ. ಲೆಕ್ಕಪತ್ರ ಗೋಪ್ಯವಾದದ್ದು, ಅದು ಎರಡೂ ಕಡೆಯ ಅಂಚೆಪೆಟ್ಟಿಗೆಗಳಲ್ಲಿ ವರ್ಷಾನುಗಟ್ಟಲೆ ತೆರೆದು ಬಿದ್ದಿರುವುದು ಸರಿಯಲ್ಲ. ಪರಿಶೋಧಕರಿಗೆ ಫೋನ್ ಮಾಡಿ, ಗ್ರಾಹಕರ ಕಡತಗಳನ್ನು ಪಡೆಯಲು ಅವರು ಯಾವ ವ್ಯವಸ್ಥೆ ಇಟ್ಟುಕೊಂಡಿದ್ದಾರೆಂದು ವಿಚಾರಿಸಿರಿ. ಎರಡೂ ಸಂಸ್ಥೆಗಳು ಒಪ್ಪಿದ ಕ್ಲೌಡ್ ಸಂಗ್ರಹದಲ್ಲಿ ಕಡತವನ್ನಿಟ್ಟು, ಅವರ ಖಾತೆಗೆ ಮಾತ್ರ ಅನುಮತಿ ಕೊಟ್ಟು, ಕೊಂಡಿಯನ್ನು ಮೇಲಿನಲ್ಲಿ ಕಳುಹಿಸುವುದು ಹೆಚ್ಚು ಸುರಕ್ಷಿತ. ಅವರು ಪಡೆದುಕೊಂಡ ಮೇಲೆ ಅನುಮತಿಯನ್ನು ಹಿಂತೆಗೆದುಕೊಳ್ಳಲೂಬಹುದು. ಪಾಸ್‌ವರ್ಡನ್ನು ಯಾವ ಸಂದರ್ಭದಲ್ಲೂ ಅದೇ ಮೇಲಿನಲ್ಲಿ ಬರೆಯಬೇಡಿ.

ಪ್ರಶ್ನೆ: ನಾನು ಕಳುಹಿಸಿದ ಅರ್ಜಿ ಮತ್ತು ದಾಖಲೆಗಳ ಮೇಲ್ ತಲುಪಲೂ ಇಲ್ಲ, ತಿರುಗಿ ಬರಲೂ ಇಲ್ಲ. ನನ್ನ ‘ಸೆಂಟ್’ ಫೋಲ್ಡರಿನಲ್ಲಿ ಅದು ಇದೆ. ಕೊನೆಯ ದಿನಾಂಕ ಮುಗಿದ ಮೇಲೆ ವಿಷಯ ತಿಳಿಯಿತು. ಇದು ಹೇಗೆ ಸಾಧ್ಯ?

ಉತ್ತರ: ನಿಮಗಾದ ನಷ್ಟಕ್ಕೆ ಮನಸ್ಸು ನೊಂದಿತು. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದಲ್ಲಿ ನಿಜವಾಗಿ ಆಕ್ಷೇಪಿಸಬೇಕಾದ ತಪ್ಪು ಇದೇ: ಸರ್ವರ್ ಕಡತವನ್ನು ತಡೆಯುವುದು ಅದರ ಹಕ್ಕು, ತಡೆದು ಯಾರಿಗೂ ಹೇಳದಿರುವುದು ಅನ್ಯಾಯ.

‘ಸೆಂಟ್’ ಫೋಲ್ಡರಿನಲ್ಲಿ ಮೇಲ್ ಇದೆಯೆಂದರೆ ಅದನ್ನು ನಿಮ್ಮ ಸರ್ವರಿಗೆ ಒಪ್ಪಿಸಿದ್ದೀರಿ ಎಂದಷ್ಟೇ ಅರ್ಥ. ಅಲ್ಲಿಂದ ಮುಂದೆ ನಿಮ್ಮ ಸರ್ವರ್ ಸ್ವೀಕರಿಸುವವರ ಸರ್ವರಿನೊಂದಿಗೆ ಸಂಪರ್ಕ ಸಾಧಿಸಿ, ವಿಳಾಸಗಳನ್ನು ಹೇಳಿ, ಮೇಲನ್ನು ಪೂರ್ತಿ ರವಾನಿಸಿ, ಉತ್ತರಕ್ಕಾಗಿ ಕಾಯುತ್ತದೆ. ಸಂಪರ್ಕ ಇನ್ನೂ ಕಡಿಯದಿರುವ ಈ ಕ್ಷಣದಲ್ಲೇ ಆ ಸರ್ವರ್ ಲಗತ್ತನ್ನು ಪರೀಕ್ಷಿಸಿ ‘554, ಒಪ್ಪುವುದಿಲ್ಲ’ ಎಂದರೆ, ನಿಮ್ಮ ಸರ್ವರ್ ಆ ಮಾತನ್ನು ನಿಮಗೆ ತಲುಪಿಸುತ್ತದೆ. ಹಿಂದಿನ ಪ್ರಶ್ನೆಯ ಓದುಗರಿಗೆ ಆದದ್ದು ಹಾಗೆ. ಆದರೆ ಅನೇಕ ಸರ್ವರುಗಳು ಮೊದಲು ‘250, ಒಪ್ಪಿದೆ’ ಎಂದು ಸಂಪರ್ಕ ಮುಗಿಸಿ, ಪರೀಕ್ಷೆಯನ್ನು ಆಮೇಲೆ ನಡೆಸುತ್ತವೆ. ಆಗ ಲಗತ್ತಿನಲ್ಲಿ ದೋಷ ಕಂಡರೆ ನಿಮಗೆ ತಿಳಿಸಲು ಹೊಸದೊಂದು ಮೇಲನ್ನೇ ಕಳುಹಿಸಬೇಕಾಗುತ್ತದೆ, ಅದನ್ನು ಅವು ಕಳುಹಿಸುವುದಿಲ್ಲ.

ಕಳುಹಿಸದಿರುವುದಕ್ಕೆ ಒಂದು ಚರಿತ್ರೆಯಿದೆ. 2002ರ ಕ್ಲೆಜ್, 2003ರ ಆಗಸ್ಟ್‌ನ ಸೋಬಿಗ್-ಎಫ್ ಮೊದಲಾದ ವರ್ಮ್‌ಗಳು ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳಲ್ಲಿ ಒಂದನ್ನು ಎತ್ತಿಕೊಂಡು, ಅದನ್ನೇ ಕಳುಹಿಸಿದವರ ವಿಳಾಸವೆಂದು ನಮೂದಿಸುತ್ತಿದ್ದವು. ಸರ್ವರುಗಳು ಆ ಸುಳ್ಳು ವಿಳಾಸವನ್ನು ನಂಬಿ ‘ನೀವು ವೈರಸ್ ಕಳುಹಿಸಿದ್ದೀರಿ’ ಎಂಬ ಎಚ್ಚರಿಕೆಯನ್ನು ಸಂಬಂಧವೇ ಇಲ್ಲದವರಿಗೆ ರಾಶಿ ರಾಶಿಯಾಗಿ ಕಳುಹಿಸಿದವು. ವೈರಸ್ಸಿಗಿಂತ ಈ ಎಚ್ಚರಿಕೆಗಳ ಕಾಟವೇ ಹೆಚ್ಚಾಯಿತು. ಅಂದಿನಿಂದ ಎಷ್ಟೋ ನಿರ್ವಾಹಕರು ಎಚ್ಚರಿಕೆಯನ್ನು ಕಳುಹಿಸುವುದನ್ನೇ ನಿಲ್ಲಿಸಿದರು. ಆ ನಿರ್ಧಾರ ಅಂದಿಗೆ ಸರಿಯಾಗಿತ್ತು. ಆದರೆ ಅದರಿಂದ ಹೊರಡಬೇಕಾಗಿದ್ದ ತೀರ್ಮಾನ, ಪರೀಕ್ಷೆಯನ್ನು ಸಂಪರ್ಕ ಕಡಿಯುವ ಮೊದಲೇ ಮುಗಿಸಬೇಕೆಂಬುದು, ಮೌನವಾಗಿ ಎಸೆಯಬಹುದೆಂಬುದಲ್ಲ. ಇ-ಮೇಲ್ ರವಾನೆಗೆ ಆಧಾರವಾದ 2008ರ ಮಾನದಂಡ, ಆರ್‌ಎಫ್‌ಸಿ 5321 ಕೂಡ, ಮೇಲನ್ನು ಸದ್ದಿಲ್ಲದೆ ಬಿಸಾಡುವುದನ್ನು ಅದು ಮೋಸದ್ದು ಅಥವಾ ಬೇರೆ ರೀತಿಯಲ್ಲಿ ಅನುಚಿತವಾದದ್ದು ಎಂಬ ಬಲವಾದ ಖಾತರಿ ಇರುವ ಸಂದರ್ಭಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಹೇಳುತ್ತದೆ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಒಂದನ್ನು ಕಂಡಾಗ ಅಂಥ ಖಾತರಿ ಯಾರಿಗೂ ಇರಲಾರದು.

ಈಗ ನೀವು ಮಾಡಬಹುದಾದುದನ್ನು ಹೇಳುತ್ತೇನೆ. ನಿಮ್ಮ ಮೇಲ್ ಆ ಕಚೇರಿಯ ಸರ್ವರಿನಲ್ಲಿ ‘ಕ್ವಾರಂಟೈನ್’ ಎಂಬ ಪ್ರತ್ಯೇಕ ಜಾಗದಲ್ಲಿ ಇನ್ನೂ ಇರಬಹುದು. ಅಲ್ಲಿನ ಮೇಲುಗಳನ್ನು ನಿರ್ವಾಹಕರು ಪರಿಶೀಲಿಸಿ ಬಿಡುಗಡೆ ಮಾಡಬಲ್ಲರು, ಆದರೆ ನಿಗದಿತ ಅವಧಿ ಕಳೆದ ಮೇಲೆ ಅವು ತಾವಾಗಿ ಅಳಿಸಿಹೋಗುವುದರಿಂದ ತಡಮಾಡಬಾರದು. ‘ಸೆಂಟ್’ ಫೋಲ್ಡರಿನಲ್ಲಿರುವ ಆ ಮೇಲನ್ನು ತೆರೆದು, ಪೂರ್ಣ ಹೆಡರ್ ಅಥವಾ ಮೂಲರೂಪವನ್ನು ತೋರಿಸುವ ಆಯ್ಕೆಯನ್ನು ಒತ್ತಿರಿ. ‘ಮೆಸೇಜ್-ಐಡಿ’ ಎಂಬ ಸಾಲಿನಲ್ಲಿ ಕೋನಾಕಾರದ ಆವರಣದೊಳಗೆ ಉದ್ದನೆಯ ಅಕ್ಷರಮಾಲೆಯೊಂದು ಇರುತ್ತದೆ. ಅದು ಆ ಮೇಲಿಗೆ ಮಾತ್ರ ಸೇರಿದ ಗುರುತು. ಎರಡೂ ಕಡೆಯ ಸರ್ವರುಗಳ ದಾಖಲೆಯಲ್ಲಿ ಸಾಮಾನ್ಯವಾಗಿ ಅದು ನಮೂದಾಗಿರುತ್ತದೆ. ಆ ಗುರುತನ್ನೂ ದಿನಾಂಕ, ಸಮಯಗಳನ್ನೂ ಕೊಟ್ಟು, ಮೊದಲು ನಿಮ್ಮ ಸರ್ವರಿನ ನಿರ್ವಾಹಕರಿಂದ ‘ಎದುರಿನ ಸರ್ವರ್ ಇಂಥ ಸಮಯಕ್ಕೆ 250 ಎಂದು ಉತ್ತರಿಸಿ ಇದನ್ನು ಒಪ್ಪಿಕೊಂಡಿದೆ’ ಎಂಬ ದಾಖಲೆಯ ಸಾಲನ್ನು ಕೇಳಿ ಪಡೆಯಿರಿ. ಕೊನೆಯ ದಿನಾಂಕದೊಳಗೆ ಅರ್ಜಿ ಅವರ ಸರ್ವರನ್ನು ಸೇರಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಸಿಗುವುದು ಕಷ್ಟ. ಅದನ್ನು ಜೊತೆಗಿಟ್ಟು ಆ ಕಚೇರಿಗೆ ಲಿಖಿತವಾಗಿ ಮನವಿ ಸಲ್ಲಿಸಿರಿ.

ಇನ್ನು ಮುಂದೆ ಮುಖ್ಯವಾದ ಲಗತ್ತುಗಳನ್ನು ಕಳುಹಿಸುವಾಗ, ಲಗತ್ತಿಲ್ಲದ ಇನ್ನೊಂದು ಚಿಕ್ಕ ಮೇಲನ್ನೂ ಕಳುಹಿಸಿ, ಯಾವ ಹೆಸರಿನ ಎಷ್ಟು ಕಡತಗಳನ್ನು ಕಳುಹಿಸಿದ್ದೀರೆಂದು ಅದರಲ್ಲಿ ತಿಳಿಸಿರಿ. ಲಗತ್ತು ತಡೆಯಲ್ಪಟ್ಟರೂ ಈ ಎರಡನೆಯ ಮೇಲ್ ತಲುಪಿ, ಏನೋ ಬರಬೇಕಾಗಿತ್ತೆಂಬುದು ಅವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: ‘.ಇಎಕ್ಸ್‌ಇ’ ಕಡತದ ಹೆಸರನ್ನು ‘.ಟಿಎಕ್ಸ್‌ಟಿ’ ಎಂದು ಬದಲಿಸಿ ಕಳುಹಿಸಿದರೆ ಸರ್ವರ್ ಬಿಡುತ್ತದೆ, ಪಡೆದವರು ಮತ್ತೆ ಹೆಸರು ಬದಲಿಸಿಕೊಂಡರಾಯಿತು ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟಿದ್ದಾರೆ. ಇದು ಸರಿಯೇ?

ಉತ್ತರ: ಬೇಡ. ಹೆಸರನ್ನಷ್ಟೇ ನೋಡುವ ಹಳೆಯ ಸರ್ವರುಗಳಲ್ಲಿ ಇದು ನಡೆದೀತು. ಈಗಿನ ಸ್ಕ್ಯಾನರುಗಳು ಕಡತದ ಆರಂಭದ ಬೈಟುಗಳನ್ನು ಓದಿ ಅದರ ನಿಜವಾದ ಬಗೆಯನ್ನು ಕಂಡುಹಿಡಿಯುತ್ತವೆ: ವಿಂಡೋಸ್‌ನ ಇಎಕ್ಸ್‌ಇ ಕಡತದ ಮೊದಲ ಎರಡು ಬೈಟುಗಳು ‘ಎಂ’ ಮತ್ತು ‘ಜೆಡ್’, ಜಿಪ್ ಕಡತದ್ದು ‘ಪಿ’ ಮತ್ತು ‘ಕೆ’. ವರ್ಡ್‌ನ ‘.ಡಾಕ್ಸ್’ ಕಡತವನ್ನು ಇದೇ ರೀತಿ ಪರೀಕ್ಷಿಸಿದರೆ ಅಲ್ಲಿಯೂ ‘ಪಿ’, ‘ಕೆ’ ಕಾಣುತ್ತವೆ, ಏಕೆಂದರೆ ಅದೂ ಒಳಗೆ ಒಂದು ಜಿಪ್. ಜಿಮೇಲ್‌ನಂತಹ ಸೇವೆಗಳು ಇಎಕ್ಸ್‌ಇ ಕಡತವನ್ನು ಜಿಪ್‌ನೊಳಗೆ ಇಟ್ಟರೂ ಒಪ್ಪುವುದಿಲ್ಲ. 2017ರ ಫೆಬ್ರವರಿಯಿಂದ ಜಾವಾಸ್ಕ್ರಿಪ್ಟ್ ಕಡತಗಳೂ ಅದೇ ಪಟ್ಟಿಗೆ ಸೇರಿವೆ. ಬಗೆ ಒಂದು, ಹೆಸರು ಇನ್ನೊಂದು ಎಂದು ಗೊತ್ತಾದ ಕಡತದ ಮೇಲೆ ಸ್ಕ್ಯಾನರಿಗೆ ಅನುಮಾನ ಇನ್ನೂ ಹೆಚ್ಚಾಗುತ್ತದೆ.

ಸರ್ವರ್ ಬಿಟ್ಟಿತೆಂದೇ ಇಟ್ಟುಕೊಳ್ಳೋಣ. ಬಂದ ಕಡತದ ಹೆಸರು ಬದಲಿಸಿ ಚಾಲೂ ಮಾಡುವುದು ಸಹಜವಾದ ಕೆಲಸವೆಂದು ನೀವು ಇನ್ನೊಬ್ಬರಿಗೆ ಕಲಿಸಿದಂತಾಯಿತು. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಐಲವ್‌ಯೂ’ ವರ್ಮ್ ಇಂಥ ಗೊಂದಲವನ್ನೇ ಬಳಸಿಕೊಂಡಿತ್ತು. ಅದರ ಲಗತ್ತಿನ ಹೆಸರಿನ ಕೊನೆಯಲ್ಲಿ ‘.ಟಿಎಕ್ಸ್‌ಟಿ.ವಿಬಿಎಸ್’ ಎಂದು ಎರಡು ಬಾಲಗಳಿದ್ದವು. ವಿಂಡೋಸ್ ಕೊನೆಯದನ್ನು ಮರೆಮಾಡುವುದರಿಂದ ಜನರಿಗೆ ಕಂಡದ್ದು ನಿರುಪದ್ರವಿಯಾದ ಪಠ್ಯ ಕಡತ, ಒತ್ತಿದಾಗ ಓಡಿದ್ದು ಸ್ಕ್ರಿಪ್ಟ್. ನಿಮ್ಮ ಕಂಪ್ಯೂಟರಿನಲ್ಲಿ ಕಡತಗಳ ಪೂರ್ಣ ಹೆಸರು ಕಾಣುವಂತೆ ವಿಂಡೋಸ್‌ನ ಆಯ್ಕೆಯನ್ನು ಇಂದೇ ಬದಲಿಸಿಕೊಳ್ಳಿರಿ. ತಂತ್ರಾಂಶವನ್ನು ಹಂಚಬೇಕಾಗಿದ್ದರೆ ಇ-ಮೇಲ್ ಅದಕ್ಕೆ ತಕ್ಕ ದಾರಿಯೇ ಅಲ್ಲ.

ಪ್ರಶ್ನೆ: ಲಗತ್ತಿನ ಮಿತಿ 25 ಎಂಬಿ ಎಂದು ಹೇಳುತ್ತಾರೆ. ನನ್ನ ಫೋಟೋಗಳು ಒಟ್ಟು 20 ಎಂಬಿ ಇದ್ದರೂ ತಿರುಗಿ ಬಂದಿವೆ. ಫೋಟೋದಲ್ಲಿ ವೈರಸ್ ಇದೆಯೇ?

ಉತ್ತರ: ವೈರಸ್ ಇದೆಯೆಂಬುದಕ್ಕೆ ಇದು ಸೂಚನೆಯಲ್ಲ, ಕಾರಣ ಬಹುತೇಕ ಗಾತ್ರವೇ. ಇ-ಮೇಲ್ ಮೂಲತಃ ಪಠ್ಯಕ್ಕಾಗಿ ರೂಪುಗೊಂಡದ್ದು. 1992ರಲ್ಲಿ ಬಂದ ಮೈಮ್ ಮಾನದಂಡದಂತೆ ಲಗತ್ತುಗಳನ್ನು ಬೇಸ್64 ಎಂಬ ಕ್ರಮದಲ್ಲಿ ಪಠ್ಯವಾಗಿ ಬದಲಿಸಿ ಕಳುಹಿಸಲಾಗುತ್ತದೆ, ಆಗ ಪ್ರತಿ 3 ಬೈಟುಗಳು 4 ಅಕ್ಷರಗಳಾಗುತ್ತವೆ. ನಿಮ್ಮ 20 ಎಂಬಿ ದಾರಿಯಲ್ಲಿ ಸುಮಾರು 27 ಎಂಬಿ ಆಗಿದೆ. ಮಿತಿಯನ್ನು ಹೀಗೆ ಹಿಗ್ಗಿದ ಗಾತ್ರಕ್ಕೆ ಅನ್ವಯಿಸುವ ಸರ್ವರುಗಳಲ್ಲಿ 18 ಎಂಬಿಯೊಳಗೆ ಇಟ್ಟುಕೊಂಡರೆ ಸಾಕು.

ಪ್ರಶ್ನೆ: ತಡೆಯಲ್ಪಟ್ಟ ಕಡತದಲ್ಲಿ ನಿಜವಾಗಿ ವೈರಸ್ ಇದೆಯೇ ಎಂದು ತಿಳಿಯಲು ವೈರಸ್‌ಟೋಟಲ್ ತಾಣಕ್ಕೆ ಏರಿಸಬಹುದೇ?

ಉತ್ತರ: ಗೋಪ್ಯವಲ್ಲದ ಕಡತವಾದರೆ ಏರಿಸಬಹುದು. 2004ರಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್‌ನ ಕೈಸೇರಿದ ಈ ಸೇವೆ, ಹತ್ತಾರು ಸ್ಕ್ಯಾನರುಗಳಿಂದ ಒಂದೇ ಕಡತವನ್ನು ಪರೀಕ್ಷಿಸಿ ತೋರಿಸುತ್ತದೆ. ಆದರೆ ಏರಿಸಿದ ಕಡತವನ್ನು ಭದ್ರತಾ ಕಂಪನಿಗಳೊಂದಿಗೆ ಹಂಚಿಕೊಳ್ಳಲಾಗುತ್ತದೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ವೈದ್ಯಕೀಯ ವರದಿ, ಒಪ್ಪಂದಪತ್ರ, ಗುರುತಿನ ದಾಖಲೆ, ಇತರರ ಹೆಸರು ಮತ್ತು ವಿಳಾಸಗಳಿರುವ ಪಟ್ಟಿ ಇವುಗಳಲ್ಲಿ ಯಾವುದನ್ನೂ ಅಲ್ಲಿಗೆ ಏರಿಸಬಾರದು. ಅಂಥ ಸಂದರ್ಭದಲ್ಲಿ ಕಡತದ ಎಸ್‌ಎಚ್‌ಎ-256 ಹ್ಯಾಶನ್ನು (ಕಡತದ ವಿಷಯದಿಂದ ಲೆಕ್ಕಹಾಕುವ, ಬೆರಳಚ್ಚಿನಂತಹ ಗುರುತು) ನಿಮ್ಮ ಕಂಪ್ಯೂಟರಿನಲ್ಲೇ ಲೆಕ್ಕಹಾಕಿ, ಆ 64 ಅಕ್ಷರಗಳನ್ನು ಮಾತ್ರ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿರಿ. ಅದೇ ಕಡತವನ್ನು ಬೇರೆಯವರು ಮೊದಲೇ ಪರೀಕ್ಷಿಸಿದ್ದರೆ ಫಲಿತಾಂಶ ಸಿಗುತ್ತದೆ. ಕಡತ ನಿಮ್ಮ ಕೈಬಿಟ್ಟು ಹೋಗುವುದಿಲ್ಲ. ನೀವೇ ಸಿದ್ಧಪಡಿಸಿದ ದಾಖಲೆಯಾದರೆ ಫಲಿತಾಂಶ ಸಿಗದಿರುವುದೇ ಸಹಜ. ಹತ್ತಾರು ಸ್ಕ್ಯಾನರುಗಳಲ್ಲಿ ಒಂದೇ ಒಂದು ಅಪಾಯವೆಂದು, ಉಳಿದವೆಲ್ಲ ಶುದ್ಧವೆಂದು ಹೇಳಿದರೆ ಅದು ತಪ್ಪು ಎಚ್ಚರಿಕೆಯಾಗಿರುವ ಸಂಭವವೇ ಹೆಚ್ಚು, ಆದರೂ ಕಡತ ತೀರ ಹೊಸದಾಗಿದ್ದರೆ ಒಂದು ದಿನ ಬಿಟ್ಟು ಮತ್ತೆ ಪರೀಕ್ಷಿಸುವುದು ಒಳ್ಳೆಯದು.

ಪ್ರಶ್ನೆ: ಚಿಕ್ಕ ಸಂಸ್ಥೆಯೊಂದರ ಮೇಲ್ ಸರ್ವರನ್ನು ನೋಡಿಕೊಳ್ಳುವ ಹೊಣೆ ನನಗೆ ಹೊಸದಾಗಿ ಬಂದಿದೆ. ಸ್ಕ್ಯಾನರ್ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಯಾವ ವಿಷಯಗಳಲ್ಲಿ ಎಚ್ಚರಿಕೆ ಬೇಕು?

ಉತ್ತರ: ನಿಜವಾದ ವೈರಸ್ಸನ್ನು ಹುಡುಕಿ ತರಬೇಡಿ. ಪರೀಕ್ಷೆಗೆಂದೇ ಸಿದ್ಧವಾದ ಐಕಾರ್ ಕಡತವಿದೆ. ಅದು 68 ಅಕ್ಷರಗಳ ಒಂದೇ ಸಾಲು, ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್ ತಯಾರಕರು ಅದನ್ನು ವೈರಸ್ ಎಂದೇ ಗುರುತಿಸಲು ಒಪ್ಪಿಕೊಂಡಿದ್ದಾರೆ. ಅದನ್ನು ಹೊರಗಿನ ಖಾತೆಯೊಂದರಿಂದ ನಿಮ್ಮ ಸರ್ವರಿಗೆ ಮೊದಲು ಹಾಗೆಯೇ, ಆಮೇಲೆ ಜಿಪ್‌ನೊಳಗಿಟ್ಟು, ಅನಂತರ ಜಿಪ್‌ನೊಳಗಿನ ಜಿಪ್‌ನಲ್ಲಿಟ್ಟು, ಕೊನೆಗೆ ಪಾಸ್‌ವರ್ಡ್ ಹಾಕಿ ಕಳುಹಿಸಿರಿ. ನಿಮ್ಮ ಸ್ವಂತ ಕಂಪ್ಯೂಟರಿನ ಆಂಟಿವೈರಸ್ ಅದನ್ನು ಕಂಡ ಕೂಡಲೇ ಅಳಿಸಬಹುದು, ಕಳುಹಿಸುವ ಕಡೆಯ ಸೇವೆಯೂ ತಡೆಯಬಹುದು. ಹೊರಹೋಗುವ ಮೇಲನ್ನು ಪರೀಕ್ಷಿಸದ ಸರ್ವರ್ ಒಂದನ್ನು ಇದಕ್ಕಾಗಿ ಆರಿಸಿಕೊಳ್ಳಬೇಕು. ಪ್ರತಿ ಸಲವೂ ಸರ್ವರ್ ಏನು ಮಾಡಿತೆಂಬುದರ ಜೊತೆಗೆ, ಕಳುಹಿಸಿದವರಿಗೆ ಯಾವ ಮಾತು ತಲುಪಿತೆಂಬುದನ್ನೂ ಬರೆದಿಟ್ಟುಕೊಳ್ಳಿರಿ.

ಕಡತಗಳನ್ನು ಬಿಚ್ಚುವ ಮಿತಿಗಳ ಕಡೆ ಗಮನ ಕೊಡಿರಿ. 42.ಜಿಪ್ ಎಂಬ ಪ್ರಸಿದ್ಧ ಕಡತದ ಗಾತ್ರ 42 ಕಿಲೋಬೈಟ್. ಪದರ ಪದರವಾಗಿ ಪೂರ್ತಿ ಬಿಚ್ಚಿದರೆ ಅದು ಸುಮಾರು 4.5 ಪೆಟಾಬೈಟ್, ಅಂದರೆ 45 ಲಕ್ಷ ಗಿಗಾಬೈಟ್ ಆಗುತ್ತದೆ. ಇಂಥವುಗಳಿಂದ ಸರ್ವರ್ ಕುಸಿಯದಿರಲೆಂದು ಸ್ಕ್ಯಾನರುಗಳು ಎಷ್ಟು ಆಳಕ್ಕೆ ಇಳಿಯಬೇಕು, ಎಷ್ಟು ಗಾತ್ರದವರೆಗೆ ಓದಬೇಕು ಎಂಬುದಕ್ಕೆ ಮಿತಿ ಇಟ್ಟುಕೊಂಡಿರುತ್ತವೆ. ಮಿತಿ ಮೀರಿದ ಕಡತಕ್ಕೆ ಏನಾಗುತ್ತದೆಂಬುದು ಮುಖ್ಯವಾದ ಪ್ರಶ್ನೆ. ಕ್ಲಾಮ್‌ಎವಿಯ ಮೂಲ ಹೊಂದಾಣಿಕೆಯಲ್ಲಿ ಮಿತಿ ಮೀರಿದ ಭಾಗ ಪರೀಕ್ಷೆಯಾಗದೆ ಉಳಿದು, ಕಡತ ಶುದ್ಧವೆಂದೇ ಮುಂದಕ್ಕೆ ಹೋಗುತ್ತದೆ. ಅದನ್ನು ಎಚ್ಚರಿಕೆಯಾಗಿ ಬದಲಿಸುವ ಆಯ್ಕೆ ಪ್ರತ್ಯೇಕವಾಗಿದೆ. ನಿಮ್ಮಲ್ಲಿ ಅದು ಹೇಗಿದೆಯೆಂದು ನೋಡಿಕೊಳ್ಳಿರಿ.

ಸ್ಕ್ಯಾನರ್ ನಿಂತುಹೋದಾಗ ಮೇಲುಗಳನ್ನು ಪರೀಕ್ಷಿಸದೆ ಬಿಡುವುದೂ ಬೇಡ, 5ರ ಸಂಕೇತ ಕೊಟ್ಟು ತಿರುಗಿಸುವುದೂ ಬೇಡ. 4ರ ಸಂಕೇತದೊಂದಿಗೆ ತಾತ್ಕಾಲಿಕವಾಗಿ ನಿಲ್ಲಿಸಿದರೆ ಕಳುಹಿಸುವ ಸರ್ವರುಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಅಷ್ಟರಲ್ಲಿ ನೀವು ಸರಿಪಡಿಸಿಕೊಳ್ಳಬಹುದು, ಒಂದು ಮೇಲೂ ಕಳೆದುಹೋಗುವುದಿಲ್ಲ. ವೈರಸ್ ಗುರುತುಗಳ ಸಂಗ್ರಹ ಪ್ರತಿದಿನ ನವೀಕರಣಗೊಳ್ಳುತ್ತಿದೆಯೇ ಎಂದು ದಾಖಲೆಯಲ್ಲಿ ನೋಡುತ್ತಿರಿ. ಹೊರಹೋಗುವ ಮೇಲುಗಳನ್ನೂ ಪರೀಕ್ಷಿಸಿರಿ. ಒಳಗಿನ ಒಂದು ಕಂಪ್ಯೂಟರಿಗೆ ಸೋಂಕು ತಗುಲಿ ಅಲ್ಲಿಂದ ವೈರಸ್ ಹೊರಗೆ ಹೋಗತೊಡಗಿದರೆ, ನಿಮ್ಮ ಸರ್ವರಿನ ವಿಳಾಸ ಕಪ್ಪುಪಟ್ಟಿಗಳಿಗೆ ಸೇರಿ, ಎಲ್ಲರ ಮೇಲುಗಳೂ ತಿರಸ್ಕೃತವಾಗುತ್ತವೆ.

ನಿರಾಕರಣೆಯ ಸಾಲನ್ನು ನೀವೇ ಬರೆಯಿರಿ, ತಂತ್ರಾಂಶದ ಜೊತೆ ಬಂದ ಸಾಲನ್ನು ಹಾಗೆಯೇ ಬಿಡಬೇಡಿ. ವೈರಸ್ ಪತ್ತೆಯಾಯಿತೋ ಅಥವಾ ಇಂಥ ಬಗೆಯ ಕಡತವನ್ನು ಸಂಸ್ಥೆ ಒಪ್ಪುವುದಿಲ್ಲವೋ ಎಂಬುದು ಅದರಲ್ಲಿ ಬೇರೆ ಬೇರೆಯಾಗಿ ಇರಲಿ. ಯಾವ ಕಡತವೆಂಬ ಹೆಸರೂ, ಬದಲಿ ದಾರಿ ಯಾವುದೆಂಬ ಸೂಚನೆಯೂ ಇರಲಿ. ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ (ಸರ್ವರಿನ ನಿರ್ವಾಹಕರಿಗೆಂದು ಮೀಸಲಾದ ವಿಳಾಸ) ಬರುವ ಮೇಲುಗಳನ್ನು ಒಪ್ಪುವುದು ಮಾನದಂಡದಂತೆ ಕಡ್ಡಾಯ. ತಡೆಯಲ್ಪಟ್ಟವರಲ್ಲಿ ತಿಳಿದವರು ಅಲ್ಲಿಗೆ ಬರೆಯುತ್ತಾರೆ, ಕೆಲವರು ಅದೇ ಕಡತವನ್ನು ಮತ್ತೆ ಲಗತ್ತಿಸಿಯೇ ಬರೆಯುತ್ತಾರೆ. ಆ ಒಂದು ಅಂಚೆಪೆಟ್ಟಿಗೆಗೆ ಮಾತ್ರ ನಿರಾಕರಣೆಯ ಬದಲು ಕ್ವಾರಂಟೈನ್ ನಿಯಮವನ್ನಿಟ್ಟು, ಲಗತ್ತನ್ನು ತೆರೆಯದೆ ಒಕ್ಕಣೆಯನ್ನು ಓದಿ ಉತ್ತರಿಸಿರಿ. ನಿರಾಕರಣೆಯ ಸಾಲಿನಲ್ಲಿ ಫೋನ್ ಸಂಖ್ಯೆಯನ್ನು ಕೊಡುವುದಾದರೆ, ಕೆಲಸದ ವೇಳೆಯಲ್ಲಿ ಯಾರಾದರೂ ಎತ್ತಿಕೊಳ್ಳುವ ಸಂಖ್ಯೆಯನ್ನೇ ಕೊಡಿರಿ.